ಮುನ್ನೂರು ನಿಮಿಷ

ನಾನು ಕೆಲಸ ಮಾಡುವ ಕೋಣೆಗೆ ಗೋಡೆಯಗಲದ ಗಾಜಿನ ಕಿಟಕಿ ಇದೆ. ಅದು ತೆರೆಯುವುದಿಲ್ಲ. ಕೆಳಗಿನ ಅಂಗಳದಲ್ಲಿ ಬೆಳಿಗ್ಗೆ ಎಂಟರಿಂದಲೇ ಸರಕು ತುಂಬಿಸಿಕೊಳ್ಳಲು ಬಂದ ಲಾರಿಗಳ ಸಾಲು. ಅವುಗಳ ಹೊಗೆ ಒಳಗೆ ಬರುತ್ತದೆಂದು ಯಾರೋ ಹಿಂದೆ ಚೌಕಟ್ಟಿಗೆ ಮೊಳೆ ಹೊಡೆದುಬಿಟ್ಟಿದ್ದಾರೆ. ಹೊಗೆ ಹೇಗೂ ಬರುತ್ತದೆ. ಮಧ್ಯಾಹ್ನದ ಹೊತ್ತಿಗೆ ಮೇಜಿನ ಮೇಲಿನ ಬಿಳಿ ಕಾಗದದಲ್ಲಿ ಬೆರಳೆಳೆದರೆ ಗೆರೆ ಮೂಡುತ್ತದೆ. ಎಂಜಿನ್ನುಗಳ ಸದ್ದನ್ನು ಗಾಜು ಅರ್ಧ ತಡೆಯುತ್ತದೆ, ಉಳಿದರ್ಧ ನೆಲದಿಂದ ಹತ್ತಿ ಬರುತ್ತದೆ. ನನ್ನ ಲೋಟದ ನೀರು ಕೆಲಸದ ಹೊತ್ತಿನಲ್ಲಿ ಎಂದೂ ಸುಮ್ಮನೆ ನಿಂತದ್ದನ್ನು ನಾನು ನೋಡಿರಲಿಲ್ಲ.

ಉಗ್ರಾಣದಿಂದ ಅಂಗಡಿಗಳಿಗೆ ಸರಕು ಒಯ್ಯುವ ನಲವತ್ತೆರಡು ಲಾರಿಗಳು ನಮ್ಮವು. ಈ ವರ್ಷ ಪ್ರತಿಯೊಂದರ ಡ್ಯಾಶ್‌ಬೋರ್ಡಿನ ಕೆಳಗೂ ಒಂದು ಕಪ್ಪು ಪೆಟ್ಟಿಗೆ ಕೂರಿಸಿದ್ದಾರೆ. ಗಾಡಿ ನಿಂತಿದ್ದು ಎಂಜಿನ್ ಓಡುತ್ತಿದ್ದರೆ ಅದು ನಿಮಿಷ ಎಣಿಸಿ ನನ್ನ ಪರದೆಗೆ ಕಳಿಸುತ್ತದೆ. ಒಂದೇ ಕಡೆ ಐದು ನಿಮಿಷ ದಾಟಿದರೆ ಆ ಗಾಡಿಯ ಚೌಕ ಕೆಂಪಾಗುತ್ತದೆ. ನಾನು ಫೋನೆತ್ತಿ ಎಂಜಿನ್ ಆಫ್ ಮಾಡಿ ಎನ್ನಬೇಕು. ವಾರಕ್ಕೆ ಮುನ್ನೂರು ನಿಮಿಷ ದಾಟಿದ ಗಾಡಿಗಳ ಪಟ್ಟಿ ಶನಿವಾರ ಮಧ್ಯಾಹ್ನ ನೋಟಿಸ್ ಬೋರ್ಡಿಗೆ ಹೋಗುತ್ತದೆ. ಸತತ ಮೂರು ವಾರ ಆ ಪಟ್ಟಿಯಲ್ಲಿದ್ದರೆ ಚಾಲಕ ಕೀ ಒಪ್ಪಿಸಿ ಶೆಡ್ಡಿಗೆ, ಬೇರೆಯವರ ಗಾಡಿ ತೊಳೆಯಲು.

ಹದಿನೇಳನೇ ನಂಬರಿನ ಗಾಡಿ ನನ್ನ ಅಪ್ಪನದು. ಎರಡು ವಾರ ಪಟ್ಟಿಯಲ್ಲಿದ್ದರು. ಇದು ಮೂರನೆಯದು. ನಿವೃತ್ತಿಗೆ ಇನ್ನೆರಡು ವರ್ಷವಿತ್ತು.

ಆ ಫೋನಿನಲ್ಲಿ ಆಡಿದ ಮಾತೆಲ್ಲ ದಾಖಲಾಗುತ್ತದೆ. ಹಾಗಾಗಿ ನಾನು ಅಪ್ಪನನ್ನು ನಂಬರಿನಿಂದ ಕರೆಯುತ್ತಿದ್ದೆ.

"ಹದಿನೇಳು, ಕಂಟ್ರೋಲ್ ರೂಮಿಂದ. ನಿಮ್ಮ ಗಾಡಿ ಏಳು ನಿಮಿಷದಿಂದ ಸ್ಟಾರ್ಟಲ್ಲೇ ನಿಂತಿದೆ. ದಯವಿಟ್ಟು ಎಂಜಿನ್ ಆಫ್ ಮಾಡಿ."

"ಆಗ್ಲಿ ಮೇಡಂ. ತಿಂಡಿ ಆಯ್ತಾ ಮೇಡಂ?"

"ಆಫ್ ಮಾಡಿ."

"ಡಬ್ಬಿ ಮನೇಲೇ ಬಿಟ್ಟು ಬಂದಿದೀರಂತೆ. ನಿಮ್ಮ ತಾಯಿಯೋರು ಈಗಷ್ಟೇ ಫೋನ್ ಮಾಡಿ ನನಗೆ ಬೈದ್ರು."

ಕಿಟಕಿಯಿಂದ ನೋಡಿದರೆ ಸಾಲಿನ ನಡುವೆ ಆ ನೀಲಿ ಗಾಡಿ ಸಣ್ಣಗೆ ನಡುಗುತ್ತ ನಿಂತಿರುತ್ತಿತ್ತು. ಚೌಕ ಕೆಂಪಾಗಿಯೇ ಇರುತ್ತಿತ್ತು.

ನನಗೆ ಅರ್ಥವಾಗದೆ ಉಳಿದದ್ದು ಇದು: ದಾರಿಯಲ್ಲಿ ಅಪ್ಪನ ಲೆಕ್ಕ ಹೆಚ್ಚುಕಡಿಮೆ ಸೊನ್ನೆ. ಸಿಗ್ನಲ್ಲಿನಲ್ಲಿ ಆಫ್, ಅಂಗಡಿಗಳ ಮುಂದೆ ಆಫ್. ಪೆಟ್ಟಿಗೆ ಬರುವುದಕ್ಕೆ ಎಷ್ಟೋ ಮೊದಲಿನಿಂದ ಅವರು ಹಾಗೆಯೇ. ನಾನು ಚಿಕ್ಕವಳಿದ್ದಾಗ ರಜೆಯಲ್ಲಿ ಅವರ ಪಕ್ಕ ಕೂತು ಹೋಗುತ್ತಿದ್ದೆ. ರೈಲ್ವೆ ಗೇಟು ಬಿದ್ದಿದ್ದರೆ ಕೀ ತಿರುಗಿಸಿ, "ಈಗ ಕೇಳಿಸ್ಕೋ" ಎನ್ನುತ್ತಿದ್ದರು. ಮೊದಲು ಏನೂ ಕೇಳಿಸುತ್ತಿರಲಿಲ್ಲ. ಆಮೇಲೆ ಬಿಸಿಯಾದ ಬಾನೆಟ್ಟು ಆರುವ ಟಿಕ್ ಟಿಕ್, ಎಲ್ಲೋ ಬಟ್ಟೆ ಒಗೆಯುವ ಸದ್ದು, ಕೊನೆಗೆ ಹಳಿಗಳ ಮೇಲೆ ದೂರದ ರೈಲು. ಅಂಥವರು ನಮ್ಮದೇ ಅಂಗಳದಲ್ಲಿ ದಿನಾ ಒಂದು ಗಂಟೆ ಎಂಜಿನ್ ಓಡಿಸುತ್ತ ಕೂರುತ್ತಿದ್ದರು. ಅವರ ನಿಮಿಷವೆಲ್ಲ ಆ ಸಾಲಿನದೇ. ಅವರದು ದೂರದ ರೂಟು, ರಾತ್ರಿ ಗಾಡಿ ನಿಲ್ಲಿಸುವುದು ಊರಾಚೆ. ಬರುವಷ್ಟರಲ್ಲಿ ಸಾಲು ಬೆಳೆದಿರುತ್ತಿತ್ತು.

ಮನೆಯಲ್ಲಿ ಕೇಳಿದರೆ ಅಪ್ಪ ತಟ್ಟೆ ನೋಡುತ್ತಿದ್ದರು. ಅಮ್ಮ ನಮ್ಮಿಬ್ಬರ ನಡುವೆ ಸೌಟು ಹಿಡಿದು ನಿಂತಿರುತ್ತಿದ್ದಳು.

"ಹೆಂಡ್ತಿ ಹೇಳಿದ್ರೆ ಕೇಳಲ್ಲ, ಮಗಳು ಹೇಳಿದ್ರೆ ಕೇಳಲ್ಲ. ಆ ಪೆಟ್ಟಿಗೆ ಹೇಳಿದ್ರಾದ್ರೂ ಕೇಳಬಾರ್ದಾ?"

"ಪೆಟ್ಟಿಗೆ ಏನೂ ಹೇಳಲ್ಲ ಕಣೇ. ಹೇಳೋದೆಲ್ಲ ಇವಳೇ. ಐದು ವರ್ಷ ತತ್ವಶಾಸ್ತ್ರ ಓದಿದ್ಲಲ್ಲ, ಅದರ ಸಾರ ಇಷ್ಟೇ ಅಂತೆ, ಎಂಜಿನ್ ಆಫ್ ಮಾಡಿ."

ಅಮ್ಮ ನಕ್ಕಳು. ನಾನೂ ನಕ್ಕೆ. ಆ ನಗುವಿನ ಮರೆಯಲ್ಲಿ ಅಪ್ಪ ಎದ್ದು ಕೈ ತೊಳೆಯಲು ಹೋದರು.

ಬುಧವಾರ ಬೆಳಿಗ್ಗೆ ಚೌಕ ಕೆಂಪಾದಾಗ ನನಗೆ ಸಾಕಾಗಿತ್ತು. ದಾಖಲಾಗುವ ಫೋನೆಂಬುದನ್ನು ಮರೆತು ಹೇಳಿದೆ: "ಅಪ್ಪಾ, ಆಫ್ ಮಾಡಿ. ಒಂದು ದಿನ."

ಆ ಕಡೆ ಎಂಜಿನ್ನಿನ ಸದ್ದು ನಿಂತಿತು.

ನಾನು ಕಿಟಕಿಗೆ ಹೋದೆ. ಅರ್ಧ ನಿಮಿಷವೂ ಆಗಿರಲಿಲ್ಲ, ಹಿಂದಿದ್ದ ಇಪ್ಪತ್ತಮೂರನೇ ಗಾಡಿ ಸಾಲಿನಿಂದ ಪಕ್ಕಕ್ಕೆ ಎಳೆದುಕೊಂಡು ಅಪ್ಪನನ್ನು ದಾಟಿ ಮುಂದೆ ಬಂದು ಸೇರಿಕೊಂಡಿತು. ಅದರ ಚಾಲಕನಿಗೆ ಎಲ್ಲರೂ ಮಿಂಚು ಎನ್ನುತ್ತಾರೆ, ಅಷ್ಟು ನಿಧಾನದ ಮನುಷ್ಯ. ಅವನ ಹಿಂದಿನವನೂ ದಾಟಿದ. ಅವನ ಹಿಂದಿನವನೂ. ಒಟ್ಟು ಹನ್ನೊಂದು ಗಾಡಿಗಳು. ಯಾರೂ ಹಾರ್ನ್ ಮಾಡಲಿಲ್ಲ, ಬೈಯಲಿಲ್ಲ. ಕೆಲವರು ದಾಟುವಾಗ ಅಪ್ಪನಿಗೆ ಕೈಯೆತ್ತಿ ನಮಸ್ಕಾರ ಮಾಡಿದರು. ಅಪ್ಪ ಎರಡೂ ಕೈಯನ್ನು ಸ್ಟೇರಿಂಗ್ ಮೇಲಿಟ್ಟುಕೊಂಡು ಕೂತಿದ್ದರು.

ಅಂದು ಅವರಿಗೆ ಸರಕು ತುಂಬಿದ್ದು ಎಲ್ಲರಿಗಿಂತ ಕೊನೆಗೆ. ದೂರದ ಅಂಗಡಿಗಳು ಇಳಿಸಿಕೊಳ್ಳುವ ಹೊತ್ತು ಮೀರಿತ್ತು. ಅರ್ಧ ಸರಕು ಹೊತ್ತುಕೊಂಡು ವಾಪಸಾದರು. ಸಂಜೆ ಅವರ ಕೈಗೆ ತಡವಾದದ್ದಕ್ಕೆ ಒಂದು ನೋಟಿಸು ಬಂತು. ಅದನ್ನು ಟೈಪ್ ಮಾಡಿದ್ದೂ ನಾನೇ.

ಮರುದಿನ ಊಟದ ಬಿಡುವಿನಲ್ಲಿ ಉಗ್ರಾಣದ ಗೇಟಿಗೆ ಹೋದೆ. ಅಲ್ಲಿ ಸಾಲಿನಿಂದ ಗಾಡಿಗಳನ್ನು ಒಳಗೆ ಬಿಡುವ ಮುದುಕರಿಗೆ ಎಲ್ಲರ ಬಾಯಲ್ಲೂ ದೊಡ್ಡಪ್ಪ ಎಂದೇ ಹೆಸರು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು.

"ನಿನ್ನೆ ಹನ್ನೊಂದು ಗಾಡಿ ನಮ್ಮಪ್ಪನ್ನ ದಾಟಿ ಬಂದ್ವು. ನೀವು ಸುಮ್ನೆ ಬಿಟ್ರಿ."

"ಎಂಜಿನ್ ನಿಂತ ಗಾಡಿ ಸಾಲಲ್ಲಿಲ್ಲ, ಮಗು." ಕಣ್ಣು ತೆರೆಯದೆಯೇ ಹೇಳಿದರು. "ಇದು ಇವತ್ತಿನ ಕಟ್ಟುಪಾಡಲ್ಲ. ಇಪ್ಪತ್ತು ವರ್ಷ ಆಯ್ತು. ಆಗೆಲ್ಲ ಗಾಡಿ ತಂದು ಸಾಲಲ್ಲಿ ನಿಲ್ಲಿಸೋರು, ಇಳಿದು ಹೋಗೋರು. ಒಬ್ಬ ಗಡ್ಡ ಹೆರೆಸ್ಕೊಳ್ಳೋಕೆ, ಒಬ್ಬ ನಿದ್ದೆಗೆ, ಒಬ್ಬ ನಾದಿನಿ ಮನೆಗೆ. ಮುಂದಿನ ಗಾಡಿ ಹೋಗಿರೋದು, ಇವನ ಗಾಡಿ ಅಡ್ಡ ನಿಂತಿರೋದು, ಹಿಂದಿನೋರೆಲ್ಲ ಬಾಯಿ ಬಾಯಿ ಬಡ್ಕೊಳ್ಳೋರು. ಒಂದಿನ ಕೈ ಕೈ ಮಿಲಾಯಿಸೋವರೆಗೂ ಹೋಯ್ತು. ಆಮೇಲೆ ಚಾಲಕರೇ ಕೂತು ಮಾಡ್ಕೊಂಡ್ರು. ಎಂಜಿನ್ ಓಡ್ತಿದ್ರೆ ಸೀಟಲ್ಲಿ ಆಳಿದೆ ಅಂತ ಲೆಕ್ಕ. ನಿಂತಿದ್ರೆ ಆಳಿಲ್ಲ, ದಾಟಿ ಹೋಗ್ಬೋದು. ನನಗೂ ಸುಲಭ, ಕಿವಿಯಲ್ಲೇ ಎಣಿಸ್ತೀನಿ."

"ಆದ್ರೆ ನಿನ್ನೆ ಸೀಟಲ್ಲಿ ಅಪ್ಪ ಇದ್ರಲ್ಲ."

"ಇದ್ದ. ಎಲ್ಲರೂ ನೋಡಿದ್ರು. ಆದ್ರೂ ಮಾತು ಮಾತೇ ಅಲ್ವಾ?" ಈಗ ಕಣ್ಣು ತೆರೆದರು. "ಅದನ್ನ ಮಾಡಿಸಿದ್ದು ಯಾರು ಅಂತ ನಿಮ್ಮಪ್ಪ ಹೇಳಿಲ್ವಾ? ಅವನೇ. ಒಬ್ಬೊಬ್ಬರ ಗಾಡಿ ಹತ್ರಾನೂ ಹೋಗಿ ಕೈ ಮೇಲೆ ಕೈ ಹಾಕಿಸ್ಕೊಂಡಿದ್ದ."

ಮೆಟ್ಟಿಲು ಹತ್ತುವಾಗ ನನಗೆ ಅಪ್ಪನ ಮೌನದ ಆಕಾರ ಮೊದಲ ಸಲ ಕಾಣಿಸಿತು. ಅದರಲ್ಲಿ ಹಟ ಇರಲಿಲ್ಲ. ತಾನೇ ಕಟ್ಟಿದ ಕೋಣೆಯಲ್ಲಿ ಕೂತವನು ಬಾಗಿಲು ಎಲ್ಲೆಂದು ಮಗಳಿಗೆ ಹೇಗೆ ಹೇಳಿಯಾನು?

ಮ್ಯಾನೇಜರ್ ನನ್ನ ಮಾತನ್ನು ಪೂರ್ತಿ ಕೇಳಿದರು. ಅವರು ಕೆಟ್ಟವರಲ್ಲ. "ಸಾಲು ಗೇಟಿನೋರ ವಿಷಯ. ನಮ್ಮ ವಿಷಯ ನಿಮಿಷ. ಅಂಗಳದ ನಿಮಿಷ ಬಿಟ್ಟುಬಿಡಿ ಅಂತ ಹೆಡ್ ಆಫೀಸಿಗೆ ಬರೀಬೋದು, ಉತ್ತರ ಬರೋಕೆ ತಿಂಗಳಾಗತ್ತೆ." ಆಮೇಲೆ ಪರದೆಯ ಒಂದು ಮೂಲೆಗೆ ಪೆನ್ನು ತೋರಿಸಿದರು. ಅಲ್ಲಿ 'ಕಾರಣ' ಎಂಬ ಕಲಂ ಇದೆ. ಟ್ರಾಫಿಕ್, ರಿಪೇರಿ, ಲೋಡಿಂಗ್, ಹೀಗೆ ಐದು ಕಾರಣಗಳು; ಯಾವುದನ್ನಾದರೂ ಒತ್ತಿದರೆ ಆ ನಿಮಿಷಗಳು ಮಾಫಿ. "ಇದನ್ನ ತುಂಬೋರು ನೀವೇ. ನಾನು ಒಂದೊಂದಾಗಿ ನೋಡೋಕೆ ಹೋಗಲ್ಲ. ಹದಿನೇಳು ಯಾರ ಗಾಡಿ ಅಂತ ನನಗೆ ಗೊತ್ತೂ ಇಲ್ಲ ಅಂದ್ಕೊಳ್ಳಿ."

ಐದರಲ್ಲಿ ಸಾಲು ಎಂಬ ಕಾರಣ ಇರಲಿಲ್ಲ.

ಶುಕ್ರವಾರ ಸಂಜೆ ಅಪ್ಪನ ಲೆಕ್ಕ ಇನ್ನೂರ ಅರವತ್ತೆರಡಕ್ಕೆ ನಿಂತಿತ್ತು. ಶನಿವಾರಕ್ಕೆ ಉಳಿದದ್ದು ಮೂವತ್ತೆಂಟು. ಮನೆಗೆ ಬಂದಾಗ ಅವರು ಹಿತ್ತಿಲ ಮೆಟ್ಟಿಲಲ್ಲಿ ಕೂತು ಚಪ್ಪಲಿಯ ಉಂಗುಷ್ಠ ಹೊಲಿಯುತ್ತಿದ್ದರು.

"ಲೋಡಿಂಗ್ ಅಂತ ಬರೆದುಬಿಡ್ತೀನಿ ಅಪ್ಪ. ಯಾರೂ ಕೇಳಲ್ಲ."

"ನನ್ನೊಬ್ಬನಿಗಾ?"

ನಾನು ಅವರ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತೆ.

"ಇನ್ನೂ ಏಳು ಜನ ಪಟ್ಟಿಯಲ್ಲಿದಾರೆ. ಅವರಿಗೆಲ್ಲ ಕಂಟ್ರೋಲ್ ರೂಮಲ್ಲಿ ಮಗಳಿಲ್ಲ." ದಾರವನ್ನು ಹಲ್ಲಿನಿಂದ ಕಡಿದರು. "ಬರೀಬೇಡ."

"ಹಾಗಾದ್ರೆ ನಾಳೆ ಒಂದಿನ ಆಫ್ ಮಾಡಿ ಕೂತ್ಕೊಳ್ಳಿ. ಹನ್ನೊಂದಲ್ಲ, ಇಪ್ಪತ್ತು ಗಾಡಿ ದಾಟಲಿ. ಇನ್ನೊಂದು ನೋಟಿಸ್ ತಾನೇ?"

"ಸೋಮವಾರ ಏನ್ಮಾಡ್ಲಿ? ಮಂಗಳವಾರ?"

ಒಳಗೆ ಅಮ್ಮ ಪಾತ್ರೆ ಜೋಡಿಸುವ ಸದ್ದು ನಿಂತಿತ್ತು. ಅವಳೂ ಕೇಳುತ್ತಿದ್ದಳು. ಅಪ್ಪ ಚಪ್ಪಲಿ ಹಾಕಿಕೊಂಡು ಎರಡು ಹೆಜ್ಜೆ ನಡೆದು ನೋಡಿದರು. "ಕೈ ಹಾಕಿಸ್ಕೊಂಡೋನು ನಾನು. ಬಿಡಿಸ್ಕೋಬೇಕಾದೋನೂ ನಾನೇ," ಎಂದು ಚಪ್ಪಲಿಗೆ ಹೇಳುವಂತೆ ಹೇಳಿದರು.

ಶನಿವಾರ ಅವರು ಬಂದಾಗ ಎಂಟೂ ಇಪ್ಪತ್ತು. ಗೇಟು ತೆರೆಯುವುದು ಒಂಬತ್ತರ ಮೇಲೆ; ಸಾಲಿನಲ್ಲಿ ಅವರಿಗಿಂತ ಮುಂದೆ ಹನ್ನೆರಡು ಗಾಡಿ. ಹಿಂದೆ ಮಿಂಚು, ಅವನ ಹಿಂದೆ ಇನ್ನೈದು. ನಾನು ಪರದೆಯನ್ನೂ ಕಿಟಕಿಯನ್ನೂ ನೋಡುತ್ತ ನಿಂತೆ. ಹತ್ತು ನಿಮಿಷ ಅವರು ಕೂತೇ ಇದ್ದರು. ಆಮೇಲೆ ಬಾಗಿಲು ತೆರೆದು ಇಳಿದರು.

ಎಂಜಿನ್ ಓಡುತ್ತಿತ್ತು.

ಮೊದಲು ಮರೆವು ಅಂದುಕೊಂಡೆ. ಅಪ್ಪ ಅಂಥದ್ದನ್ನು ಮರೆಯುವವರಲ್ಲ. ಅವರು ಮುಂದಿನ ಗಾಡಿಯ ಬಾಗಿಲ ಬಳಿ ನಿಂತು ತಲೆಯೆತ್ತಿ ಏನೋ ಹೇಳತೊಡಗಿದಾಗ ತಿಳಿಯಿತು. ಎಂಜಿನ್ ನಿಲ್ಲಿಸಿದರೆ ಅವರು ಸಾಲಿನಲ್ಲಿರುವುದಿಲ್ಲ. ಸಾಲಿನಲ್ಲಿಲ್ಲದವನು ಬಂದು ಸಾಲಿನ ಕಟ್ಟು ಬಿಡಿ ಎಂದರೆ ಯಾರು ಕೇಳುತ್ತಾರೆ? ಎಂಜಿನ್ ಆಫ್ ಮಾಡೋಣ ಎಂದು ಹೇಳಿ ಬರುವಷ್ಟು ಹೊತ್ತು ಅವರ ಎಂಜಿನ್ ಓಡುತ್ತಿರಲೇಬೇಕಿತ್ತು.

ಇನ್ನೂರ ಎಪ್ಪತ್ತನಾಲ್ಕು. ಅವರು ಮೂರನೆಯ ಗಾಡಿಯ ಬಳಿ. ಇನ್ನೂರ ಎಂಬತ್ತೊಂದು. ಯಾರೋ ಕೈಯಾಡಿಸಿ ಬೇಡವೆನ್ನುತ್ತಿದ್ದ. ನಾನು ಫೋನ್ ಮಾಡಿದೆ. ರಿಂಗಾಗುತ್ತಲೇ ಇತ್ತು. ಫೋನು ಖಾಲಿ ಗಾಡಿಯೊಳಗೆ ಬಡಿದುಕೊಳ್ಳುತ್ತಿದೆಯೆಂದು ಗೊತ್ತಿದ್ದೂ ಮತ್ತೆ ಮಾಡಿದೆ. ಅವರು ಸಾಲಿನ ತುದಿಯವರೆಗೆ ಹೋಗಿ, ಅಲ್ಲಿಂದ ತಿರುಗಿ, ತಮ್ಮ ಗಾಡಿಯತ್ತ ಒಮ್ಮೆಯೂ ನೋಡದೆ ಅದನ್ನು ದಾಟಿ ಹಿಂದಿನವರ ಕಡೆ ಹೋದರು. ಇನ್ನೂರ ತೊಂಬತ್ತಮೂರು.

ಕೆಲಸದ ಹೊತ್ತಿನಲ್ಲಿ ಪರದೆಯನ್ನು ಬಿಟ್ಟು ಏಳುವಂತಿಲ್ಲ. ಎದ್ದೆ.

ಅಂಗಳಕ್ಕಿಳಿದಾಗ ಮೊದಲು ತಾಗಿದ್ದು ಕಾವು. ಹತ್ತೊಂಬತ್ತು ಎಂಜಿನ್ನುಗಳ ಉಸಿರು ಮೊಣಕಾಲಿನ ಮಟ್ಟದಲ್ಲಿ ಬೆಚ್ಚಗೆ ಹರಿಯುತ್ತಿತ್ತು. ಗಂಟಲು ಉರಿಯಿತು. ದಿನಾ ಇದರಲ್ಲಿ ಕೂತವರಿಗೆ ನಾನು ಮೇಲಿನಿಂದ ದಯವಿಟ್ಟು ಎನ್ನುತ್ತಿದ್ದೆ. ಹದಿನೇಳರ ಮೆಟ್ಟಿಲಿಗೆ ಕಾಲಿಟ್ಟು ಹತ್ತಿ ಚಾಲಕನ ಸೀಟಿನಲ್ಲಿ ಕೂತೆ. ಅಮ್ಮ ಹಳೆಯ ಸೀರೆಯಿಂದ ಹೊಲಿದುಕೊಟ್ಟ ದಿಂಬು ಬೆನ್ನಿಗೆ ಸಿಕ್ಕಿತು. ಡ್ಯಾಶ್‌ಬೋರ್ಡಿನ ಮೇಲೆ ಫೋನು: 'ಮಗಳು ಮೇಡಂ', ಒಂಬತ್ತು ಮಿಸ್ಡ್ ಕಾಲ್.

ಕಿಟಕಿಯಿಂದ ಹಿಂದೆ ಅಪ್ಪ ಮಿಂಚುವಿನ ಜೊತೆ ಮಾತಾಡುವುದು ಕೇಳಿಸುತ್ತಿತ್ತು.

"ನಿಂದು ಎಷ್ಟನೇ ವಾರ?"

"ಎರಡು."

"ಹಾಗಾದ್ರೆ ಬರೋ ಶನಿವಾರ ನನ್ನ ಪಕ್ಕದಲ್ಲಿ ಪೈಪ್ ಹಿಡ್ಕೊಂಡು ನಿಲ್ತೀಯ. ಗಾಡಿ ತೊಳೆಯೋಕೆ ಬರತ್ತಾ? ನಿನ್ನ ಗಾಡಿ ನೋಡಿದ್ರೆ ಬರಲ್ಲ ಅನ್ಸತ್ತೆ."

"ಯಜಮಾನ್ರೇ, ನಾನು ಆಫ್ ಮಾಡಿದ್ರೆ ಹಿಂದಿನೋನು ದಾಟ್ತಾನೆ. ಅವನನ್ನ ಒಪ್ಪಿಸಿ ಮೊದ್ಲು."

"ಎಲ್ಲರೂ ಇದೇ ಹೇಳಿದ್ರು. ಹಿಂದಿನೋನು ಒಪ್ಪಲಿ, ಹಿಂದಿನೋನು ಒಪ್ಪಲಿ."

"ಕೊನೆಯೋನು ಏನಂದ?"

"ಅವನನ್ನ ಈಗ ಕೇಳ್ಬೇಕು. ನನ್ನ ಹಿಂದೆ ಯಾರೂ ಇಲ್ಲ, ನನಗ್ಯಾಕೆ ಈ ತಾಪತ್ರಯ ಅಂತಾನೆ, ನೋಡ್ತಿರು."

"ಅಪ್ಪಾ," ಎಂದೆ.

ಅವರು ತಿರುಗಿ ನೋಡಿದರು. ನನ್ನನ್ನು ಆ ಸೀಟಿನಲ್ಲಿ ನೋಡಿ ಮುಖ ಬಿಗಿಯಿತು. "ನೀನ್ಯಾಕೆ ಕೆಳಗೆ ಬಂದೆ?"

"ಇನ್ನೂರ ತೊಂಬತ್ತೆಂಟು ಆಗಿರ್ಬೇಕು."

"ಕೀ ಮುಟ್ಬೇಡ. ಇನ್ನೂ ಐದು ಜನ ಉಳಿದಿದಾರೆ."

ಕೀ ನನ್ನ ಬೆರಳಿನಲ್ಲಿತ್ತು. ಹಾಗೇ ಹಿಡಿದುಕೊಂಡು ಕನ್ನಡಿಯಲ್ಲಿ ಹಿಂದಿನ ಗಾಡಿಗಳನ್ನು ಎಣಿಸಿದೆ. ತಿರುಗಿಸಿದೆ.

ಸುತ್ತ ಹದಿನೆಂಟು ಎಂಜಿನ್ನುಗಳು ಓಡುತ್ತಿದ್ದರೂ ಗಾಡಿಯೊಳಗೆ ಏನೋ ಬಿದ್ದಂತಾಯಿತು. ಕನ್ನಡಿಯಲ್ಲಿ ಇಪ್ಪತ್ತಮೂರರ ಚಕ್ರ ಹೊರಕ್ಕೆ ತಿರುಗುವುದು ಕಂಡಿತು. ಮಿಂಚುವಿನ ಕೈ ತನ್ನಷ್ಟಕ್ಕೆ ತಾನು ಮಾಡುವ ಕೆಲಸ ಅದು, ಇಪ್ಪತ್ತು ವರ್ಷದ ರೂಢಿ. ಅವನ ಬಂಪರು ನಿಧಾನವಾಗಿ ಬಂದು ನನ್ನ ಬಾಗಿಲ ಸಮಕ್ಕೆ ನಿಂತಿತು. ಅವನು ನನ್ನನ್ನು ನೋಡಿದ. ಎರಡೂ ಕೈಯನ್ನು ಸ್ಟೇರಿಂಗ್ ಮೇಲಿಟ್ಟುಕೊಂಡು ಕೂತೆ.

"ಸೀಟಲ್ಲಿ ಆಳಿದೆ ಕಣೋ," ಎಂದರು ಅಪ್ಪ. ದನಿ ಎತ್ತರಿಸಲಿಲ್ಲ. "ಕಣ್ಣಿಗೆ ಕಾಣ್ತಿದೆಯಲ್ಲ. ಎಂಜಿನ್ ಯಾಕೆ ಬೇಕು?"

ಮಿಂಚು ಕೆನ್ನೆ ಕೆರೆದುಕೊಂಡ. ನಿಧಾನದ ಮನುಷ್ಯ, ಯೋಚಿಸುವುದೂ ನಿಧಾನವೇ. "ಕಂಟ್ರೋಲ್ ರೂಮೇ ಇಳಿದು ಬಂದು ಕೂತಿದೆ. ಇದನ್ನ ದಾಟಿದ್ರೆ ಫೋನಲ್ಲಿ ನಮ್ಮನ್ನ ಉಳಿಸ್ತಾರಾ?" ಎಂದು ಗೇರ್ ಬದಲಿಸಿ, ಬಂದಷ್ಟೇ ನಿಧಾನವಾಗಿ ಹಿಂದೆ ಸರಿದು ತನ್ನ ಜಾಗದಲ್ಲಿ ನಿಂತ. ಎಂಜಿನ್ ಆಫ್ ಮಾಡಿದ.

ಹಿಂದಿನವನು ಹಾರ್ನ್ ಹೊಡೆದ. ಮಿಂಚು ಕೈ ಹೊರಹಾಕಿ ಬೆರಳು ತಿರುಗಿಸಿ ತೋರಿಸಿದ. ಸ್ವಲ್ಪ ಹೊತ್ತಿಗೆ ಅವನದೂ ನಿಂತಿತು. ಆಮೇಲೆ ಮುಂದೆ ಒಂದು, ಹಿಂದೆ ಎರಡು. ಎಲ್ಲವೂ ನಿಲ್ಲಲಿಲ್ಲ. ಏಳೋ ಎಂಟೋ ನಿಂತವು. ಅಷ್ಟಕ್ಕೇ ಗೇಟಿನ ದೊಡ್ಡಪ್ಪ ಕುರ್ಚಿಯಿಂದೆದ್ದು ಗಾಬರಿಯಿಂದ ಬಂದರು.

"ಏನ್ರಯ್ಯಾ, ಎಲ್ಲಾ ಎದ್ದು ಹೋದ್ರಾ? ನನಗೆ ಈಗ ಯಾರ ಸರದಿ ಅಂತ ಹೇಗೆ ತಿಳೀಬೇಕು?"

ಅವರ ಜೇಬಿನಲ್ಲಿ ಒಳಹೋದ ಗಾಡಿಗಳಿಗೆ ಗುರುತು ಹಾಕುವ ಸೀಮೆಸುಣ್ಣವಿತ್ತು. ಅಪ್ಪ ಅದನ್ನು ತೆಗೆದುಕೊಂಡು ಮೊದಲ ಗಾಡಿಯ ಬಂಪರಿನ ಮೇಲೆ ಒಂದು ಎಂದು ಬರೆದರು. ಎರಡನೆಯದರ ಮೇಲೆ ಎರಡು. ಬರೆಯುತ್ತ ಬಂದು ತಮ್ಮ ಗಾಡಿಯ ಮುಂದೆ ಬಗ್ಗಿದಾಗ ನನಗೆ ಅವರ ನೆತ್ತಿ ಮಾತ್ರ ಕಾಣುತ್ತಿತ್ತು.

ಮೇಲೆ ಬಂದು ಪರದೆ ನೋಡಿದೆ. ಮುನ್ನೂರ ಒಂದು.

ಮೆಟ್ಟಿಲಿಳಿದು ಅಂಗಳ ದಾಟಲು ಹಿಡಿದ ಹೊತ್ತನ್ನು ನಾನು ಕಡಿಮೆ ಎಣಿಸಿದ್ದೆ. ಕೀ ಬೆರಳಿನಲ್ಲಿ ಹಿಡಿದು ಕೂತ ಹೊತ್ತನ್ನು ಎಣಿಸಿಯೇ ಇರಲಿಲ್ಲ. ಪಟ್ಟಿ ಮಾಡಲು ಹನ್ನೆರಡರವರೆಗೆ ಸಮಯವಿತ್ತು. ಕಾರಣದ ಕಲಂ ಖಾಲಿ ಇತ್ತು. ಒಂದೇ ಒಂದು ಸಲ ಒತ್ತಬೇಕಿತ್ತು, ಲೋಡಿಂಗ್. ಮ್ಯಾನೇಜರ್ ಎರಡು ಸಲ ಬಂದು ನನ್ನ ಬೆನ್ನ ಹಿಂದೆ ನಿಂತು ಹೋದರು. ನಾನು ಒತ್ತಲಿಲ್ಲ. ಅಪ್ಪನ ಮಾತಿಗೆ ಬೆಲೆ ಕೊಟ್ಟು ಒತ್ತಲಿಲ್ಲವೋ, ಅವರ ಮುಖ ನೋಡುವ ಧೈರ್ಯವಿಲ್ಲದೆ ಒತ್ತಲಿಲ್ಲವೋ, ಇವತ್ತಿಗೂ ನನಗೆ ಸರಿಯಾಗಿ ತಿಳಿಯದು. ಪಟ್ಟಿ ತೆಗೆದು, ಅಂಟು ಹಚ್ಚಿ, ಬೋರ್ಡಿಗೆ ಅಂಟಿಸಿದೆ.

ಸಂಜೆ ಗಾಡಿ ನಿಲ್ಲಿಸಿ ಅಪ್ಪ ಮೇಲೆ ಬಂದರು. ಆ ಕೋಣೆಗೆ ಅವರು ಬಂದದ್ದು ಅದೇ ಮೊದಲು. ಕೀ ಮೇಜಿನ ಮೇಲಿಟ್ಟು ಕಿಟಕಿಯಿಂದ ಒಮ್ಮೆ ಕೆಳಗೆ ನೋಡಿದರು.

"ಎಲ್ಲಾ ಚೆನ್ನಾಗಿ ಕಾಣತ್ತೆ ಇಲ್ಲಿಂದ," ಎಂದರು. ಆಮೇಲೆ, "ಎಲ್ಲಿ ಸಹಿ ಹಾಕ್ಲಿ ಮೇಡಂ?"

ನಾನು ಬೆರಳಿಟ್ಟು ತೋರಿಸಿದೆ. ಬಸ್ಸಿನಲ್ಲಿ ಒಟ್ಟಿಗೆ ಮನೆಗೆ ಹೋದೆವು. ಅಕ್ಕಪಕ್ಕ ಕೂತಿದ್ದೆವು. ಬಸ್ಸು ನಿಂತಾಗಲೆಲ್ಲ ಅವರ ಬಲಗಾಲು ನೆಲವನ್ನು ಒತ್ತುತ್ತಿತ್ತು.

ಸೋಮವಾರ ಸಾಲಿನಲ್ಲಿ ಇಪ್ಪತ್ತೊಂದು ಗಾಡಿಗಳಿದ್ದವು. ಬಂಪರಿನ ಮೇಲೆ ನಂಬರು ಬರೆಯಲು ಯಾರಾದರೂ ಬೇಕಲ್ಲ. ಮ್ಯಾನೇಜರ್ ಅಪ್ಪನಿಗೆ ಬೆಳಿಗ್ಗೆ ಸೀಮೆಸುಣ್ಣ, ಮಧ್ಯಾಹ್ನ ಪೈಪು ಎಂದು ಗೊತ್ತುಮಾಡಿದ್ದರು. ಅಂಗಳದ ನಿಮಿಷ ಬಿದ್ದುಹೋಗುತ್ತಿರುವುದನ್ನು ನೋಡಿ ಅವರಿಗೆ ಖುಷಿಯಾಗಿತ್ತು. ನನ್ನ ಬೆನ್ನು ತಟ್ಟಿದರು. ಹದಿನೇಳನೇ ಗಾಡಿ ಹೊಸ ಚಾಲಕನ ಕೈಯಲ್ಲಿ ಬಂದು ಹದಿನಾಲ್ಕನೆಯದಾಗಿ ನಿಂತಿತು. ಅಪ್ಪ ಅದರ ಬಂಪರಿನ ಮೇಲೆ ಹದಿನಾಲ್ಕು ಬರೆದು, ಸರಿಹೋಗಲಿಲ್ಲವೇನೋ, ಅಂಗೈಯಿಂದ ಒರೆಸಿ ಮತ್ತೆ ಬರೆದರು. ನಾಲ್ಕೈದು ಗಾಡಿಗಳು ಇನ್ನೂ ಹಟ ಹಿಡಿದು ಓಡುತ್ತಿದ್ದವು. ಒಂಬತ್ತು ಗಂಟೆಯ ಸುಮಾರಿಗೆ ಅವೂ ನಿಂತವು.

ಲೋಟದ ನೀರು ಅಲುಗುತ್ತಿರಲಿಲ್ಲ. ನಾನು ಅದನ್ನೇ ನೋಡುತ್ತಿದ್ದಾಗ ಫೋನು ಬಂತು, ದಾಖಲಾಗುವ ಫೋನಿಗೆ.

"ಕಂಟ್ರೋಲ್ ರೂಮಾ?"

"ಹೇಳಿ."

"ಈಗ ಕೇಳಿಸ್ಕೋ."

ಅಂಗಳದ ನಡುವೆ ಅವರು ಫೋನನ್ನು ಕಿವಿಯಿಂದ ತೆಗೆದು ತಲೆಗಿಂತ ಎತ್ತರಕ್ಕೆ ಹಿಡಿದು ನಿಂತಿದ್ದರು. ಕಿಟಕಿಗೆ ಹೋಗಿ ಚೌಕಟ್ಟಿಗೆ ಕೈ ಹಾಕಿ ಎಳೆದೆ. ಮೊಳೆಗಳು ಮಿಸುಕಲಿಲ್ಲ. ಫೋನನ್ನು ಕಿವಿಗೊತ್ತಿ, ಗಾಜಿನ ಈ ಕಡೆಯೇ ನಿಂತು, ಅಷ್ಟು ದೂರದಿಂದ ಏನು ಬರುತ್ತದೋ ಅದನ್ನು ಕೇಳಿಸಿಕೊಂಡೆ.